ಮೂರನೇ ಮಂಚದ ದೊಡ್ಡಪ್ಪನವರು ಹ್ಞೂಂ ಅನ್ನದಿರುವ ಕುರಿತು

ಗೆ,
ಶ್ರೀಯುತ ದೊಡ್ಡಪ್ಪನವರು,
ಖಾಯಂ ರೋಗಿಗಳು, ಕಿಟಕಿ ಪಕ್ಕದ ಮೂರನೇ ಮಂಚ,
ಕೌಶಲ ಪ್ರಯೋಗಾಲಯ, ನರ್ಸಿಂಗ್ ಕಾಲೇಜು.

ಮಾನ್ಯರೇ,

(ಈ ಪತ್ರ ಮಧ್ಯಾಹ್ನದ ಊಟದ ನಂತರ ತಮ್ಮ ಕೈಸೇರಿದರೆ, ಮಾನ್ಯ ಮಹಿಳೆಯೇ.)

ತಮ್ಮ ಬಿಡುವಿಲ್ಲದ ಮಲಗುವಿಕೆಯ ನಡುವೆ ಈ ಪಾಮರ ವಿದ್ಯಾರ್ಥಿನಿಯ ನಾಲ್ಕು ಮಾತಿಗೆ ಸಮಯ ಮಾಡಿಕೊಳ್ಳುವಿರೆಂಬ ಭರವಸೆಯಿಂದ, ಕೈ ತೊಳೆದು, ಗ್ಲೌಸ್ ಹಾಕಿಕೊಂಡು, ತಮ್ಮ ಮಂಚದ ಸುತ್ತ ಪರದೆ ಎಳೆದು, ನನ್ನ ಹೆಸರು ಮತ್ತು ನಾನು ಬಂದ ಉದ್ದೇಶವನ್ನು ತಮಗೆ ಗಟ್ಟಿಯಾಗಿ ತಿಳಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಪರದೆ ಎಳೆದ ಮೇಲೆ ಇದು ಬಹಿರಂಗ ಪತ್ರ ಹೇಗಾಯಿತು ಎಂದು ಯಾರಾದರೂ ಕೇಳಿದರೆ, ನಮ್ಮ ಪ್ರಯೋಗಾಲಯದ ಪರದೆಗೆ ಒಂದೇ ಬದಿ ಇದೆ, ಇನ್ನೊಂದು ಬದಿಯ ಕೊಂಡಿಗಳು ಕಿತ್ತುಹೋಗಿವೆ ಎಂದು ತಾವೇ ಹೇಳಬೇಕು. ತಾವು ಹೇಳುವುದಿಲ್ಲ. ಈ ಪತ್ರದ ತಕರಾರು ಕೂಡ ಅದೇ.

ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ ಎಂದು ಬರೆಯುವುದು ಶಿಷ್ಟಾಚಾರ. ಆದರೆ ತಾವು ಕ್ಷೇಮವಾಗಿಬಿಟ್ಟರೆ ನಮ್ಮ ಕಾಲೇಜಿಗೆ ಬೀಗ ಹಾಕಬೇಕಾದೀತು. ಆದ್ದರಿಂದ ತಮ್ಮ ಸಕ್ಕರೆ ಕಾಯಿಲೆ, ಮುರಿದ ತೊಡೆ, ಸುಟ್ಟ ಬೆನ್ನು ಮತ್ತು ಬುಧವಾರಗಳಂದು ತಪ್ಪದೆ ಬರುವ ಹೃದಯಾಘಾತ ಎಲ್ಲವೂ ಎಂದಿನಂತೆ ಇವೆಯೆಂದು ನಂಬಿದ್ದೇನೆ.

ತಮ್ಮನ್ನು ಹೊರಗಿನವರು ಗೊಂಬೆ ಎನ್ನುತ್ತಾರೆ. ಅಂಥವರ ಜತೆ ನಾನು ಮಾತು ಬಿಟ್ಟಿದ್ದೇನೆ. ರಬ್ಬರು, ಪ್ಲಾಸ್ಟಿಕ್ಕು, ಒಳಗೊಂದಿಷ್ಟು ಸ್ಪಂಜು ತುಂಬಿದ ತಮ್ಮ ದೇಹಕ್ಕೆ ನಮ್ಮ ಹಿರಿಯ ಬ್ಯಾಚಿನವರು ದೊಡ್ಡಪ್ಪ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಮನೆಯ ದೊಡ್ಡಪ್ಪನ ಹಾಗೆ ತಾವೂ ಏನೂ ಮಾಡದೆ ಮಲಗಿರುತ್ತೀರಿ, ಎಲ್ಲರೂ ತಮ್ಮ ಸುತ್ತ ಓಡಾಡುತ್ತಾರೆ, ಬಾಯಿ ಮಾತ್ರ ಸದಾ ತೆರೆದಿರುತ್ತದೆ. ತಮ್ಮ ಎಡಗೈ ತಮ್ಮದೇ. ಬಲಗೈ ಮಾತ್ರ ನಾಲ್ಕನೇ ಮಂಚದವರು ರಿಟೈರ್ ಆದಾಗ ಕಳಚಿ ತಮಗೆ ಜೋಡಿಸಿದ್ದು, ಬಣ್ಣದಲ್ಲೂ ಉದ್ದದಲ್ಲೂ ಒಂದಿಷ್ಟು ಹೆಚ್ಚೇ. ಭುಜದ ಹತ್ತಿರ ಸ್ವಲ್ಪ ಜೋರಾಗಿ ತಟ್ಟಿದರೆ ಅದು ಕಳಚಿ ಬೀಳುತ್ತದೆ, ಆದರೂ ತಾವು ಹುಬ್ಬು ಗಂಟಿಕ್ಕಿದ್ದನ್ನು ಯಾರೂ ಕಂಡಿಲ್ಲ. ಬೆಳಗಿನ ತರಗತಿಗಳಲ್ಲಿ ತಾವು ಅರವತ್ತು ದಾಟಿದ ಗಂಡಸು. ಊಟದ ನಂತರ ಒಂದು ಭಾಗ ಕಳಚಿ ಇನ್ನೊಂದು ಭಾಗ ಜೋಡಿಸಿ, ತಲೆಗೊಂದು ಕೂದಲ ಟೊಪ್ಪಿಗೆ ಹಾಕಿದರೆ ಚೊಚ್ಚಲ ಬಾಣಂತಿ. ಇಷ್ಟೆಲ್ಲ ಮರ್ಯಾದೆ ಕಳೆದುಕೊಂಡೂ ಗಂಭೀರವಾಗಿರುವವರನ್ನು ನಾನು ತಮ್ಮನ್ನು ಬಿಟ್ಟರೆ ನಮ್ಮ ಪ್ರಾಂಶುಪಾಲರನ್ನು ಮಾತ್ರ ಕಂಡಿದ್ದೇನೆ.

ಇಂಥ ತಮ್ಮ ಮೇಲೆ ದೂರು ಬರೆಯಬೇಕಾಗಿ ಬಂದದ್ದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಆದರೆ ತಾವು ನನ್ನನ್ನು ಎರಡು ಸಲ ನಪಾಸು ಮಾಡಿದ್ದೀರಿ. ಇನ್ನುಳಿದಿರುವುದು ಒಂದೇ ಅವಕಾಶ, ಬರುವ ಸೋಮವಾರ. ಅದೂ ಕೈಕೊಟ್ಟರೆ ನನ್ನ ಜತೆಯವರೆಲ್ಲ ಕೊನೆಯ ವರ್ಷಕ್ಕೆ ಹೋಗಿ ದಿನವಿಡೀ ವಾರ್ಡುಗಳಲ್ಲಿ ನಿಜವಾದ ಮನುಷ್ಯರನ್ನು ನೋಡಿಕೊಳ್ಳುತ್ತಾರೆ, ನಾನು ಇನ್ನೊಂದು ವರ್ಷ ತಮ್ಮ ಮುಖ ನೋಡಿಕೊಂಡು ಕೂರಬೇಕಾಗುತ್ತದೆ.

ನಡೆದದ್ದನ್ನು ತಾವು ಅಲ್ಲೇ ಮಲಗಿ ಕಂಡಿದ್ದೀರಾದರೂ, ತಮ್ಮ ಕಣ್ಣಿನ ರೆಪ್ಪೆಗಳನ್ನು ಆ ದಿನ ಯಾರೋ ಮುಚ್ಚಿಟ್ಟಿದ್ದರಿಂದ ಮತ್ತೊಮ್ಮೆ ಹೇಳುತ್ತೇನೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ನನಗೆ ಬಂದದ್ದು ರಕ್ತ ತೆಗೆಯುವ ಕೆಲಸ. ತಮ್ಮ ಎಡಗೈಯ ರಬ್ಬರು ನರದಲ್ಲಿ ಕೆಂಪು ನೀರು ತುಂಬಿರುತ್ತದೆ, ಅದನ್ನು ಸಿರಿಂಜಿಗೆ ಎಳೆಯಬೇಕು, ಅಷ್ಟೆ. ಪರೀಕ್ಷಕಿ ಮೇಡಂ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಕೈ ತೊಳೆದಳೇ, ರೋಗಿಗೆ ನಮಸ್ಕಾರ ಹೇಳಿದಳೇ, ಹೆಸರು ಕೇಳಿ ಮಣಿಕಟ್ಟಿನ ಪಟ್ಟಿಯ ಜತೆ ತಾಳೆ ನೋಡಿದಳೇ, ಏನು ಮಾಡಲಿದ್ದೇನೆಂದು ವಿವರಿಸಿದಳೇ, ಒಪ್ಪಿಗೆ ಕೇಳಿದಳೇ, ಚುಚ್ಚಿದಳೇ. ಪ್ರತಿ ಸಾಲಿನ ಮುಂದೆ ಮೇಡಂ ಗೆರೆ ಎಳೆಯುತ್ತಾರೆ, ಕೊಟ್ಟ ಸಮಯ ತೀರಿ ಗಂಟೆ ಬಾರಿಸಿದರೆ ಮುಗಿಯಿತು.

ಇದನ್ನು ನನ್ನ ಜತೆಯವರು ಮಾಡುವ ಚಂದವೇ ಬೇರೆ. ನಮ್ಮ ತರಗತಿಯಲ್ಲಿ ಮೊದಲ ಬೆಂಚು ಎಂದೇ ಹೆಸರಾದ ಹುಡುಗಿಯೊಬ್ಬಳಿದ್ದಾಳೆ. ಅವಳು ಒಂದೇ ಉಸಿರಿಗೆ "ನಮಸ್ಕಾರ ನಾನು ನಿಮ್ಮ ನರ್ಸ್ ಸ್ವಲ್ಪ ರಕ್ತ ತೆಗೀಲಾ ಧನ್ಯವಾದ" ಎಂದು ಮುಗಿಸುವಷ್ಟರಲ್ಲಿ ಸೂಜಿ ಒಳಗೆ ಹೋಗಿರುತ್ತದೆ. ಪ್ರಶ್ನೆಗೂ ಧನ್ಯವಾದಕ್ಕೂ ನಡುವೆ ಒಂದು ಸೊಳ್ಳೆ ಕೂಡ ನುಸುಳಲಾರದು. ಪೂರ್ತಿ ಅಂಕ.

ನಾನೂ ಕೈ ತೊಳೆದೆ. ನಮಸ್ಕಾರ ಹೇಳಿದೆ. ತಮ್ಮ ಕೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡು, ಹೆಬ್ಬೆರಳನ್ನು ತಮ್ಮ ಅಂಗೈಯೊಳಗಿಟ್ಟು, "ದೊಡ್ಡಪ್ಪ, ಪರೀಕ್ಷೆಗೆ ಸ್ವಲ್ಪ ರಕ್ತ ಬೇಕು, ತೆಗೀಲಾ?" ಎಂದು ಕೇಳಿದೆ. ಕೇಳಿ, ಕಾದೆ.

ತಾವು ಏನೂ ಹೇಳಲಿಲ್ಲ. ಮೇಡಂ ಕೆಮ್ಮಿದರು. ನಾನು ಕಾದೆ. ತಮ್ಮ ಬಾಯಿ ತೆರೆದೇ ಇತ್ತು, ಮಾತು ಈಗ ಬಂತು ಆಗ ಬಂತು ಎನ್ನುವಂತಿತ್ತು, ಹಾಗಾಗಿ ನಡುವೆ ಬಾಯಿ ಹಾಕುವುದು ಸರಿಯಲ್ಲವೆನಿಸಿತು. ಮೇಡಂ "ಮುಂದೆ ಹೋಗಮ್ಮ" ಎಂದರು. ರೋಗಿ ಇನ್ನೂ ಹೇಳಿಲ್ಲವಲ್ಲ ಮೇಡಂ ಎಂದೆ. ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. ಗಂಟೆ ಹೊಡೆಯಿತು. ಸಿರಿಂಜು ಟ್ರೇಯಲ್ಲಿ ಕಾಗದವನ್ನೂ ಬಿಚ್ಚದೆ ಮಲಗಿತ್ತು.

ಇದು ದಡ್ಡತನ ಎಂದು ತಾವು ನಗಬಹುದು. ಆ ಕ್ಷಣದಲ್ಲಿ ತಾವು ಗೊಂಬೆ ಎನ್ನುವುದು ನನಗೆ ನಿಜಕ್ಕೂ ಮರೆತುಹೋಗಿತ್ತು, ಅದಕ್ಕೆ ಕಾರಣ ನಮ್ಮ ಅಜ್ಜಿ. ನಾನು ಶಾಲೆಯ ಕೊನೆಯ ವರ್ಷದಲ್ಲಿದ್ದಾಗ ಅಜ್ಜಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈ ಹೋಯಿತು, ಬುದ್ಧಿ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು, ಮೊದಲಿಗಿಂತ ಚುರುಕಾಗಿಯೇ ಇತ್ತು. ಆಸ್ಪತ್ರೆಯಲ್ಲಿ ಪ್ರತಿ ಬೆಳಿಗ್ಗೆ ಒಬ್ಬ ನರ್ಸಮ್ಮ ಬಂದು, ಅಜ್ಜಿಯ ಮುಖವನ್ನೂ ನೋಡದೆ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ಚುಚ್ಚಿ ಹೋಗುತ್ತಿದ್ದರು. ಕೈ ಒಳ್ಳೆಯದೇ, ಒಂದೇ ಸಲಕ್ಕೆ ನರ ಸಿಗುತ್ತಿತ್ತು. ಆದರೂ ಅಜ್ಜಿಯ ಕಣ್ಣಂಚಲ್ಲಿ ನೀರು ಇಳಿಯುತ್ತಿತ್ತು. ಒಮ್ಮೆ ಕೇಳಿ ಚುಚ್ಚಬಾರದಾ ಎಂದು ನಾನು ಕೇಳಿದ್ದಕ್ಕೆ ಆಕೆ, "ಮಾತೇ ಬರದೇ ಇರೋರನ್ನ ಏನಮ್ಮ ಕೇಳೋದು?" ಎಂದರು. ಬೈದದ್ದಲ್ಲ, ನಿಜವಾಗಿಯೂ ಕೇಳಿದ್ದು. ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಅಜ್ಜಿಯೂ ನಾನೂ ಸೇರಿ ಒಂದು ಏರ್ಪಾಟು ಮಾಡಿಕೊಂಡೆವು. ಅವಳ ಎಡ ಅಂಗೈಯಲ್ಲಿ ನನ್ನ ಹೆಬ್ಬೆರಳು ಇಡುವುದು, ಒಂದು ಸಲ ಒತ್ತಿದರೆ ಹ್ಞೂಂ, ಎರಡು ಸಲ ಒತ್ತಿದರೆ ಬೇಡ. ಉತ್ತರ ಬರಲು ಹೊತ್ತಾಗುತ್ತದೆ. ಕಾಫಿ ಬೇಕಾ ಎಂದು ಕೇಳಿ ಒತ್ತುವವರೆಗೆ ಕಾದರೆ ಕಾಫಿ ಆರಿಯೇ ಹೋಗಿರುತ್ತದೆ, ಆಗ ಆರಿದ ಕಾಫಿ ಬೇಡವೆಂದು ಎರಡು ಸಲ ಒತ್ತುತ್ತಾಳೆ. ಅಮ್ಮನ ಅಡುಗೆಗೆ ಮಾತ್ರ ಎರಡು ಒತ್ತು ತಕ್ಷಣ ಬರುತ್ತದೆ. ಈ ಮನೆಯಲ್ಲಿ ಬೆಳೆದವಳಿಗೆ ಕೇಳಿದ ಮೇಲೆ ಕಾಯುವುದು ಎಂಬುದು ಕೌಶಲವಲ್ಲ, ಕೆಟ್ಟ ಚಟ. ನಾನು ನರ್ಸ್ ಆಗಬೇಕೆಂದು ಹಟ ಹಿಡಿದದ್ದೂ ಇದರಿಂದಲೇ, ನಪಾಸಾದದ್ದೂ ಇದರಿಂದಲೇ.

ಮನೆಯವರು ತಮ್ಮ ಪರವಾಗಿಯೇ ನಿಂತರೆಂದು ತಿಳಿದರೆ ತಮಗೆ ಸಂತೋಷವಾದೀತು. ಹೊಲಿಗೆ ಕೆಲಸ ಮಾಡುವ ಅಮ್ಮ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆಯದೆಯೇ, "ಗೊಂಬೆ ತಾನೇ ಕಣೇ, ನೀನೇ ಹ್ಞೂಂ ಅಂದ್ಕೊಂಡು ಮುಗಿಸ್ಬೇಕಿತ್ತು, ಅಂಗಡೀಲಿ ನಿಲ್ಸಿರೋ ಗೊಂಬೆಗೆ ರವಿಕೆ ಹಾಕೋವಾಗ ನಾನೇನು ಅಪ್ಪಣೆ ಕೇಳ್ತೀನಾ?" ಎಂದಳು. ಡ್ರೈವಿಂಗ್ ಕಲಿಸುವ ಸೋದರಮಾವ ಇನ್ನೂ ಚೆನ್ನಾಗಿ ಬಿಡಿಸಿ ಹೇಳಿದ. "ನಮ್ಮ ಪರೀಕ್ಷೇಲೂ ಹೀಗೇ ಕಣಮ್ಮ. ಬಲಕ್ಕೆ ತಿರುಗೋ ಮುಂಚೆ ಇಂಡಿಕೇಟರ್ ಹಾಕಿದ್ಯಾ ಅಂತ ಅಷ್ಟೇ ನೋಡ್ತಾರೆ. ಹಿಂದಿನ ಗಾಡಿಯೋನು ಒಪ್ಪಿದ್ನಾ ಅಂತ ಇಳಿದು ಹೋಗಿ ಕೇಳಿದ್ರೆ ಲೈಸೆನ್ಸ್ ಯಾರು ಕೊಡ್ತಾರೆ?" ಒಪ್ಪಿಗೆ ಎನ್ನುವುದು ಇಂಡಿಕೇಟರ್ ಎಂದು ನನಗೆ ಆ ದಿನ ಮೊದಲ ಬಾರಿ ಅರ್ಥವಾಯಿತು. ಅಜ್ಜಿಯನ್ನೂ ಕೇಳಿದೆ, ನಾನು ಮಾಡಿದ್ದು ಸರಿಯಾ ಎಂದು. ಅವಳು ಎಷ್ಟು ಹೊತ್ತಾದರೂ ಒತ್ತಲಿಲ್ಲ. ನೋಡಿದರೆ ನಿದ್ದೆ ಬಂದಿತ್ತು.

ನಾನು ಮೇಲ್ಮನವಿ ಹಾಕಿದೆ. ಅದರಲ್ಲಿ ತಮ್ಮನ್ನೇ ಸಾಕ್ಷಿಯೆಂದು ಕರೆಸಬೇಕೆಂದು ಕೋರಿದ್ದು ಸ್ವಲ್ಪ ಅತಿಯಾಯಿತೇನೋ. ಆದರೆ ಕಾಲೇಜಿನ ಪರೀಕ್ಷಾ ಸಮಿತಿ ತಮ್ಮನ್ನು ಕರೆಸಿಯೇ ಬಿಟ್ಟಿತು. ಗಾಲಿಮಂಚದ ಮೇಲೆ ತಮ್ಮನ್ನು ಸಭೆಯ ಕೋಣೆಗೆ ತಂದು, ಮೇಜಿನ ತುದಿಯಲ್ಲಿ ಪ್ರಾಂಶುಪಾಲರ ಎದುರಿಗೆ ನಿಲ್ಲಿಸಿ, ಮೈಮೇಲೆ ಹೊದಿಕೆ ಸರಿ ಮಾಡಿದರು. ಹಿರಿಯ ಸದಸ್ಯರೊಬ್ಬರು ತಮ್ಮತ್ತ ಬಾಗಿ, "ವಿದ್ಯಾರ್ಥಿನಿ ಕೇಳಿದಾಗ ನೀವು ಒಪ್ಪಿದ್ರೋ ಇಲ್ವೋ?" ಎಂದು ವಿಚಾರಿಸಿದರು. ತಾವು ಎಂದಿನ ಸಂಯಮ ತೋರಿದಿರಿ. ಸುಮ್ಮನಿರುವ ರೋಗಿ ಒಪ್ಪಿದ ಹಾಗೆಯೇ ಲೆಕ್ಕ ಎಂದು ಅವರು ತೀರ್ಪು ಕೊಡಲು ಹೊರಟಾಗ, ಔಷಧಶಾಸ್ತ್ರದ ಮೇಷ್ಟ್ರು ತಲೆಯೆತ್ತಿ, "ಹಾಗಾದ್ರೆ ಶವಾಗಾರದಲ್ಲಿ ಇರೋರೆಲ್ಲ ಎಲ್ಲಾದಕ್ಕೂ ಒಪ್ಪಿದ್ದಾರೆ ಅನ್ನಿ" ಎಂದರು. ಸಭೆಗೆ ಇದ್ದಕ್ಕಿದ್ದಂತೆ ಚಳಿ ಹಿಡಿದಂತಾಯಿತು. ಬಿಸ್ಕತ್ತು ತಟ್ಟೆಯಲ್ಲೇ ಉಳಿಯಿತು.

ಕೊನೆಗೆ ಬಂದ ಆದೇಶ ಹೀಗಿತ್ತು. ರೋಗಿ ಯಾರಿಗೂ ಹ್ಞೂಂ ಅಂದಿಲ್ಲವಾದ್ದರಿಂದ ಇಡೀ ಬ್ಯಾಚಿಗೆ ಮರುಪರೀಕ್ಷೆ. ಮತ್ತು ಇನ್ನು ಮುಂದೆ ಮೂರನೇ ಮಂಚದ ರೋಗಿಗೆ ಧ್ವನಿ ಒದಗಿಸತಕ್ಕದ್ದು. ಪಾಸಾಗಿದ್ದವರೆಲ್ಲ ಮತ್ತೆ ಪರೀಕ್ಷೆಗೆ ಕೂರಬೇಕಾಗಿ ಬಂದದ್ದರಿಂದ ಹಾಸ್ಟೆಲಿನಲ್ಲಿ ನನ್ನ ಬಕೆಟ್ಟನ್ನು ನೀರಿನ ಸರದಿಯ ಕೊನೆಗೆ ತಳ್ಳುವ ಕಾರ್ಯಕ್ರಮ ಆರಂಭವಾಯಿತು. ನನ್ನ ಕೋಣೆಯಲ್ಲೇ ಇರುವ, ದಪ್ಪ ಗಾಜಿನ ಕನ್ನಡಕದಿಂದಾಗಿ ಚಷ್ಮಾ ಎಂದು ನಾವು ಕರೆಯುವ ಗೆಳತಿ ಒಬ್ಬಳೇ ನನ್ನ ಜತೆ ಮಾತಾಡುತ್ತಿದ್ದದ್ದು, ಅದೂ ಬೈಯುವುದಕ್ಕೆ.

ಧ್ವನಿಯ ಹೊಣೆ ಬಿದ್ದದ್ದು ಪ್ರಯೋಗಾಲಯದ ಅಟೆಂಡರ್ ಅಣ್ಣನ ಮೇಲೆ. ತಮ್ಮ ಮೈ ಒರೆಸಿ, ಕೆಂಪು ನೀರು ತುಂಬಿಸಿ, ಹರಿದ ಚರ್ಮಕ್ಕೆ ಟೇಪು ಹಚ್ಚುವ ಇವರಿಗೆ ನಾಟಕದ ಹುಚ್ಚು ಎಂಬುದು ತಮಗೆ ಗೊತ್ತಿರಲಿಕ್ಕೂ ಸಾಕು. ಕಾಲೇಜಿನ ವಾರ್ಷಿಕೋತ್ಸವದ ಪ್ರತಿ ನಾಟಕದಲ್ಲೂ ಇವರಿಗೆ ಕಾವಲುಗಾರನ ವೇಷ, ಒಂದೇ ಒಂದು ಮಾತೂ ಇಲ್ಲದ ಪಾತ್ರ. ಇಷ್ಟು ವರ್ಷ ಈಟಿ ಹಿಡಿದು ನಿಂತ ಮನುಷ್ಯನಿಗೆ ಮೊದಲ ಬಾರಿ ಮಾತು ಸಿಕ್ಕಿತು. ರೋಗಿ ಒಬ್ಬ ಹೇಗೆ ಉತ್ತರಿಸುತ್ತಾನೋ ಹಾಗೆ ಉತ್ತರಿಸಿ ಎಂದು ಪರೀಕ್ಷಕಿ ಮೇಡಂ ಹೇಳಿದ್ದೇ ತಪ್ಪಾಯಿತು. ಅಣ್ಣ ತಮ್ಮ ತಲೆದೆಸೆಯ ಪರದೆಯ ಹಿಂದೆ ಒಂದು ಸ್ಟೂಲು ಹಾಕಿಕೊಂಡು, ಗಂಟಲಿಗೆ ಬಿಸಿನೀರು ಕುಡಿದು, ಕೂತರು.

ಮೊದಲ ಬೆಂಚು ಬಂದು ತನ್ನ ಒಂದೇ ಉಸಿರಿನ ಮಂತ್ರ ಹೇಳಿ ಸೂಜಿ ಎತ್ತುವಷ್ಟರಲ್ಲಿ ತಾವು ಮಾತಾಡಿಬಿಟ್ಟಿರಿ. "ಬೇಡಮ್ಮಾ. ನಿನ್ನೆ ತಾನೇ ತೆಗೆದ್ರಲ್ಲ, ಮತ್ತೆ ಯಾತಕ್ಕೆ? ನನ್ನ ಮಗಳು ಬರ್ಲಿ, ಅವಳನ್ನ ಕೇಳಿ ಹೇಳ್ತೀನಿ!" ಮೊದಲ ಬೆಂಚು ಒಂದು ಕ್ಷಣ ಕಲ್ಲಾದಳು. ಆಮೇಲೆ "ಧನ್ಯವಾದ" ಎಂದು ಚುಚ್ಚಿದಳು. ತಾವು "ಅಯ್ಯೋ, ಕೊಂದಳಲ್ಲಪ್ಪೋ!" ಎಂದು ಕಿರುಚಿದಿರಿ. ಮೇಡಂ ಪಟ್ಟಿ ನೋಡಿದರು. ಒಪ್ಪಿಗೆ ಕೇಳಿದಳೇ ಎಂದಿತ್ತು, ಕೇಳಿದ್ದಾಳೆ. ಸಿಕ್ಕಿತೇ ಎಂಬ ಸಾಲು ಪಟ್ಟಿಯಲ್ಲಿ ಇರಲಿಲ್ಲ. ಪೂರ್ತಿ ಅಂಕ.

ಅಲ್ಲಿಂದ ಮುಂದೆ ತಮ್ಮ ಬದುಕು ದಿಕ್ಕು ತಪ್ಪಿತು. ಒಬ್ಬಳಿಗೆ ತಾವು ಇಬ್ಬರು ಗಂಡುಮಕ್ಕಳು ಆಸ್ತಿಗಾಗಿ ಹೊಡೆದಾಡುವ ಕಥೆ ಹೇಳಿದಿರಿ, ಮತ್ತೊಬ್ಬಳಿಗೆ ಹೆಂಡತಿ ಓಡಿಹೋದ ಕಥೆ. ಚಷ್ಮಾ ಬಂದಾಗ ತಾವು ಬಿಕ್ಕಿಬಿಕ್ಕಿ ಅತ್ತು, ಸೂಜಿಯನ್ನು ಕಂಡರೆ ಚಿಕ್ಕಂದಿನಿಂದ ಭಯ ಎಂದಿರಿ. ಅವಳು ಕರುಳು ಚುರುಕ್ಕೆಂದು ತಾನೂ ಕಣ್ಣೊರೆಸಿಕೊಂಡು, "ಹೆದರಬೇಡಿ ದೊಡ್ಡಪ್ಪ, ನಾನಿದ್ದೀನಿ" ಎಂದು ತಲೆ ಸವರುತ್ತಾ ಸವರುತ್ತಾ, ಗಂಟೆ ಹೊಡೆಯುವ ಮುಂಚೆ ಗಬಕ್ಕನೆ ಚುಚ್ಚಿ ಪಾಸಾದಳು. ತಾವು ಬೇಡ ಎಂದಿರಿ, ಆಗಲ್ಲ ಎಂದಿರಿ, ಪೊಲೀಸರನ್ನು ಕರೆಯುತ್ತೇನೆ ಎಂದಿರಿ. ಒಬ್ಬರೂ ಸೂಜಿ ಕೆಳಗಿಡಲಿಲ್ಲ. ತಮ್ಮ ಎಡಗೈಯಿಂದ ಕೆಂಪು ನೀರು ನೆಲಕ್ಕೆ ಹನಿಯುತ್ತಿತ್ತು, ನನ್ನ ಬ್ಯಾಚಿಗೆ ಬ್ಯಾಚೇ ಸಮರ್ಥವೆಂದು ಸಾಬೀತಾಯಿತು.

ನನ್ನ ಸರದಿಗೆ ಸ್ವಲ್ಪ ಮುಂಚೆ ಮೇಡಂ ತಾಳ್ಮೆ ಕಳೆದುಕೊಂಡು ಪರದೆ ಸರಿಸಿ, "ನಿಮಗೆ ಹ್ಞೂಂ ಅನ್ನೋಕೆ ಕೂರಿಸಿದ್ದು, ನಾಟಕ ಆಡೋಕಲ್ಲ! ಇನ್ನು ಒಂದಕ್ಷರ ಜಾಸ್ತಿ ಆಡಿದ್ರೆ ನೋಡಿ!" ಎಂದು ಅಟೆಂಡರ್ ಅಣ್ಣನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ಬೆಳಗಿನಿಂದ ಎಲ್ಲರ ಮೇಲೂ ಎಡೆಬಿಡದೆ ಕೂಗಿ ಕೂಗಿ ಮೇಡಂ ಅವರ ಗಂಟಲೇ ಕಟ್ಟಿಹೋಗಿತ್ತು. ಅಣ್ಣನ ಮುಖ ಇಷ್ಟೇ ಇಷ್ಟಾಯಿತು. ಕಲಾವಿದ ಮುನಿದ. ತುಟಿ ಹೊಲಿದುಕೊಂಡು ಕೂತುಬಿಟ್ಟ.

ಆಗ ಒಳಗೆ ಬಂದವಳು ನಾನು.

ನಾನು ಕೈ ತೊಳೆದೆ, ನಮಸ್ಕಾರ ಹೇಳಿದೆ, ತಮ್ಮ ಅಂಗೈಯಲ್ಲಿ ಹೆಬ್ಬೆರಳಿಟ್ಟು ಕೇಳಿದೆ. ಉತ್ತರವಿಲ್ಲ. ಪರದೆಯಾಚೆ ಒಬ್ಬ ಮನುಷ್ಯ ಉಸಿರಾಡುವುದು ಕೇಳುತ್ತಿತ್ತು, ಅಂದರೆ ಈ ಸಲ ತಾವು ಸುಮ್ಮನಿದ್ದದ್ದು ಬೇಕೆಂದೇ. ಬೇಡವಾದರೆ ಬೇಡ ಅನ್ನಿ ದೊಡ್ಡಪ್ಪ ಎಂದೆ. ಇಲ್ಲ. ನಿದ್ದೆಯೇನೋ ಎಂದು ಭುಜ ತಟ್ಟಿದೆ, ಬಲಗೈ ಕಳಚಿ ನೆಲಕ್ಕೆ ಬಿತ್ತು. ಎತ್ತಿ ಜೋಡಿಸಿ, ಕ್ಷಮೆ ಕೇಳಿ, ಮತ್ತೆ ಮೊದಲಿನಿಂದ ಕೇಳಿದೆ. "ಏನಮ್ಮ ಮಾಡ್ತಿದ್ದೀಯಾ?" ಎಂದರು ಮೇಡಂ. "ಕಾಯ್ತಿದ್ದೀನಿ ಮೇಡಂ" ಎಂದೆ. ಚುಚ್ಚಿದರೆ ಪಾಸು ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಈ ಸಲ ತಾವು ಗೊಂಬೆ ಎಂಬುದೂ ಮರೆತಿರಲಿಲ್ಲ. ಆದರೆ ಬೆಳಗಿನಿಂದ ಬೇಡ ಬೇಡ ಎಂದು ಕೂಗಿದ್ದವರ ಕೈ ಅದು, ಹೊರಗೆ ಸಾಲಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ಗಂಟೆ ಹೊಡೆಯಿತು. ಮೇಡಂ ಪಟ್ಟಿಯ ಕೆಳಗೆ "ಸಮಯಪ್ರಜ್ಞೆ ಇಲ್ಲ" ಎಂದು ಬರೆದರು.

ಹೊರಗೆ ಬಂದ ಮೇಲೆ ಅಟೆಂಡರ್ ಅಣ್ಣ ಕಾರಿಡಾರಿನವರೆಗೂ ಓಡಿ ಬಂದು, "ಸಿಟ್ಟಲ್ಲಿ ಕೂತಿದ್ದೆ ಕಣಮ್ಮ, ನೀನು ಅಂತ ಗೊತ್ತಿದ್ರೆ ಹ್ಞೂಂ ಅಂದುಬಿಡ್ತಿದ್ದೆ" ಎಂದರು. ಆಮೇಲೆ, ತಾನು ಅತ್ತದ್ದು ಹೇಗಿತ್ತು, ಹೊರಗಿನವರೆಗೂ ಕೇಳಿಸಿತಾ ಎಂದು ಕೇಳಿದರು. ಚೆನ್ನಾಗಿತ್ತು ಎಂದೆ. ನಿಜಕ್ಕೂ ಚೆನ್ನಾಗಿತ್ತು.

ಈಗ ತಮ್ಮ ಧ್ವನಿಯನ್ನು ರದ್ದುಪಡಿಸಲಾಗಿದೆ. ಸೋಮವಾರ ನಾನೊಬ್ಬಳೇ ಅಭ್ಯರ್ಥಿ, ತಾವೊಬ್ಬರೇ ರೋಗಿ. ಆದ್ದರಿಂದ ಈ ಕೆಳಗಿನ ಸಣ್ಣಪುಟ್ಟ ವಿನಂತಿಗಳನ್ನು ತಮ್ಮ ಪ್ಲಾಸ್ಟಿಕ್ ಪಾದಗಳಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಸಾಧ್ಯವಾದರೆ ಸೋಮವಾರ ತಾವು ಒಂದು ಹ್ಞೂಂ ಎನ್ನಬೇಕು. ಬಾಯಿ ತೆರೆದೇ ಇರುವುದರಿಂದ ಅರ್ಧ ಕೆಲಸ ಆಗಿಯೇ ಇದೆ. ಹ್ಞೂಂ ಎನ್ನಲು ಮನಸ್ಸಿಲ್ಲದಿದ್ದರೆ ಊಹ್ಞೂಂ ಎನ್ನಬಹುದು, ನಾನು ಬೇಸರ ಮಾಡಿಕೊಳ್ಳದೆ ಟ್ರೇ ಎತ್ತಿಕೊಂಡು ಹೋಗಿ ಸ್ವಲ್ಪ ಹೊತ್ತಿನ ನಂತರ ಬರುತ್ತೇನೆ. ಮಾತು ತಮ್ಮ ಘನತೆಗೆ ಕುಂದು ಎನಿಸಿದರೆ ಮೊದಲೇ ಲಿಖಿತವಾಗಿ ತಿಳಿಸಿದರೂ ಆದೀತು. ಆ ದಿನದ ಮಟ್ಟಿಗೆ ತಮಗೊಬ್ಬ ಮಗಳು ಹುಟ್ಟಿ, ಬೆಳೆದು, ಬಾಗಿಲ ಬಳಿ ಚೀಲ ಹಿಡಿದು ನಿಂತು, "ನಮ್ಮಪ್ಪನಿಗೆ ಏನ್ ಮಾಡ್ತಿದ್ದೀರಿ?" ಎಂದು ಮೇಡಂ ಅವರನ್ನು ಕೇಳುವಂತೆ ಏರ್ಪಾಡು ಮಾಡಿದರೆ ಇನ್ನೂ ಉತ್ತಮ, ಏಕೆಂದರೆ ನಮ್ಮ ಪಟ್ಟಿಯಲ್ಲಿ ರೋಗಿಗೆ ಇಲ್ಲದ ಬಾಯಿ ಸಂಬಂಧಿಕರಿಗೆ ಇದ್ದರೂ ಇರಬಹುದು. ಪರೀಕ್ಷೆಯ ನಡುವೆ ಬಾಣಂತಿಯಾಗಬೇಡಿ. ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿರಿ.

ಇವು ಯಾವುವೂ ಸಾಧ್ಯವಿಲ್ಲವೆಂದಾದರೆ ಕೊನೆಯದೊಂದು ವಿನಂತಿ. ಒಂದೇ ಒಂದು ಬೆಳಿಗ್ಗೆ ತಾವು ಮಂಚದಿಂದ ಇಳಿದು, ಪಟ್ಟಿ ಹಿಡಿದು, ಕನ್ನಡಕ ಹಾಕಿಕೊಂಡು ಮೇಡಂ ಅವರ ಕುರ್ಚಿಯಲ್ಲಿ ಕೂತುಕೊಳ್ಳಿ, ಮೇಡಂ ಅವರನ್ನು ತಮ್ಮ ಮಂಚದ ಮೇಲೆ, ತಮ್ಮ ಹಾಗೆಯೇ ಮಾತಿಲ್ಲದೆ ಮಲಗಿಸಿ. ತಾವು ಅಂಕ ಕೊಡಬೇಕಿಲ್ಲ. ಸುಮ್ಮನೆ ನೋಡುತ್ತಿದ್ದರೆ ಸಾಕು.

ತಮ್ಮ ಸಹನೆಯನ್ನು ಇನ್ನಷ್ಟು ಪರೀಕ್ಷಿಸಲಾರೆ, ಅದನ್ನು ನಮ್ಮ ಕಾಲೇಜು ಪ್ರತಿದಿನ ಮಾಡುತ್ತಿದೆ. ತಮ್ಮ ರಬ್ಬರು ನರಗಳು ಸೋರದಿರಲಿ, ಸ್ಪಂಜು ಒಣಗಿರಲಿ ಎಂದು ಹಾರೈಸುತ್ತೇನೆ.

ಎರಡು ಬಾರಿ ತಮ್ಮ ಉತ್ತರಕ್ಕೆ ಕಾದು ನಪಾಸಾದರೂ,
ಇನ್ನೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿ

ತಾಜಾಕಲಂ: ಪತ್ರವನ್ನು ಪ್ರಯೋಗಾಲಯದ ಬಾಗಿಲಿಗೆ ಅಂಟಿಸುವ ಮುನ್ನವೇ ತಾವು ನನ್ನ ಕೊನೆಯ ವಿನಂತಿಯನ್ನು ಈಡೇರಿಸುವಿರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಪರೀಕ್ಷಕಿ ಮೇಡಂ ಅವರ ಗಂಟಲು ಮರುಪರೀಕ್ಷೆಯ ದಿನ ಕಟ್ಟಿದ್ದು ಬಿಡಲೇ ಇಲ್ಲವಂತೆ. ಇಷ್ಟು ವರ್ಷ ನಮ್ಮ ಮೇಲೆ ಕೂಗಿದ್ದಕ್ಕೆ ಅಲ್ಲೊಂದು ಗಂಟು ಬೆಳೆದಿತ್ತೆಂದು ನಮ್ಮದೇ ಆಸ್ಪತ್ರೆಯಲ್ಲಿ ತೆಗೆದಿದ್ದಾರೆ, ವಾರದವರೆಗೆ ತುಟಿ ಪಿಟಿಕ್ಕೆನ್ನಬಾರದೆಂದು ಡಾಕ್ಟರ ಕಟ್ಟಪ್ಪಣೆ. ನಿನ್ನೆ ಬೆಳಿಗ್ಗೆ ಆ ವಾರ್ಡಿನಲ್ಲಿ, ಸಿಸ್ಟರ್ ಕಣ್ಣೆದುರು ಮಾಡುವ ಕಲಿಕೆಯ ಡ್ಯೂಟಿ ನಮ್ಮ ಬ್ಯಾಚಿನದು. ಅವರ ರಕ್ತ ತೆಗೆಯಲು ಪೂರ್ತಿ ಅಂಕದ ಮೊದಲ ಬೆಂಚನ್ನೇ ಕಳಿಸಿದರು. ಅವಳು ಒಂದೇ ಉಸಿರಿಗೆ ನಮಸ್ಕಾರದಿಂದ ಧನ್ಯವಾದದವರೆಗೆ ಹೇಳಿ ಮುಗಿಸಿದಳು. ಮೇಡಂ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅವಳು ಪ್ರೀತಿಯಿಂದ ಕೈಯನ್ನು ಮುಂದಕ್ಕೆ ಎಳೆದುಕೊಂಡಳು. ಮೇಡಂ ಎರಡನೇ ಸಲ ಎಳೆದುಕೊಂಡು, ದಿಂಬಿನ ಪಕ್ಕದ ಸ್ಲೇಟು ತೆಗೆದು, ಬಳಪ ಮುರಿಯುವಷ್ಟು ಒತ್ತಿ ಬರೆದರು: "ಆ ಕಾಯೋ ಹುಡುಗೀನ ಕರೀರಿ."

ನಾನು ಹೋದೆ. ಕೈ ತೊಳೆದೆ, ನಮಸ್ಕಾರ ಹೇಳಿದೆ, ಅವರ ಅಂಗೈಯಲ್ಲಿ ಹೆಬ್ಬೆರಳಿಟ್ಟು, ಒಂದು ಸಲ ಒತ್ತಿದರೆ ಹ್ಞೂಂ, ಎರಡು ಸಲ ಒತ್ತಿದರೆ ಬೇಡ ಎಂದು ತಿಳಿಸಿ, ಕೇಳಿದೆ. ಅವರು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದರು. ಕಣ್ಣಂಚಲ್ಲಿ ನೀರಿತ್ತು, ಅಜ್ಜಿಯದೇ ಥರದ್ದು. ಯಾರೂ ಗಂಟೆ ಬಾರಿಸಲಿಲ್ಲ. ಆಮೇಲೆ ಒಂದು ಸಲ ಒತ್ತಿದರು. ಒಂದೇ ಸಲಕ್ಕೆ ನರ ಸಿಕ್ಕಿತು. ಹತ್ತಿ ಒತ್ತಿ ಹಿಡಿದು ನಿಂತಿದ್ದಾಗ ಮೇಡಂ ಇನ್ನೊಂದು ಕೈಯಿಂದ ಸ್ಲೇಟು ಒರೆಸಿ ಬರೆದು ತೋರಿಸಿದರು: "ಚೆನ್ನಾಗಿತ್ತು. ಪಟ್ಟಿಯಲ್ಲಿ ಇದಕ್ಕೆ ಅಂಕ ಇಲ್ಲ."

ಆದ್ದರಿಂದ ಸೋಮವಾರವೂ ಅದೇ ಪಟ್ಟಿ, ಅದೇ ಗಂಟೆ, ಹಾಗೂ ನಾನು ತಮ್ಮನ್ನು ಅದೇ ರೀತಿ ಕೇಳಿ ಕಾಯುವವಳೇ. ಮಾತಿಲ್ಲದವರು ಉತ್ತರ ಕೊಡುವುದು ಹೇಗೆಂದು ಮೇಡಂ ಒಂದೇ ಬೆಳಗಿನಲ್ಲಿ ಕಲಿತಿದ್ದಾರೆ. ತಮಗೆ ಇನ್ನೂ ಮೂರು ದಿನ ಇದೆ, ಒತ್ತಲು ನನ್ನ ಹೆಬ್ಬೆರಳೂ ಇದೆ, ದಯವಿಟ್ಟು ಅಭ್ಯಾಸ ಮಾಡಿಕೊಂಡು ಬನ್ನಿ.